ಕಾರ್ನ್ಡ್ ಬೀಫ್: ಐರಿಷ್ ವಲಸಿಗರು ಅಮೆರಿಕದಲ್ಲಿ ಕಟ್ಟಿಕೊಂಡ ಹಬ್ಬದೂಟ

ಮಾರ್ಚ್ ಬಂತೆಂದರೆ ಅಮೆರಿಕದ ಸೂಪರ್‌ಮಾರ್ಕೆಟ್‌ಗಳಲ್ಲಿ ಉಪ್ಪುನೀರಿನ ಸಮೇತ ಪ್ಲಾಸ್ಟಿಕ್‌ನಲ್ಲಿ ಬಿಗಿದ ಕೆಂಪು ಮಾಂಸದ ಪೊಟ್ಟಣಗಳು ಸಾಲುಗಟ್ಟುತ್ತವೆ. ಅಲ್ಲೇ ಹತ್ತಿರದಲ್ಲಿ ಎಲೆಕೋಸಿನ ರಾಶಿ. ಮಾರ್ಚ್ 17ರ ಸೇಂಟ್ ಪ್ಯಾಟ್ರಿಕ್ ಹಬ್ಬದಂದು ಐರಿಷ್ ಮೂಲದ ಮನೆಗಳಲ್ಲಿ ಇವೆರಡೂ ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ಆ ಅಡುಗೆಯೇ ‘ಕಾರ್ನ್ಡ್ ಬೀಫ್ ಅಂಡ್ ಕ್ಯಾಬೇಜ್’.

ಹೆಸರಿನಲ್ಲಿರುವ ‘ಕಾರ್ನ್’ಗೂ ಮುಸುಕಿನ ಜೋಳಕ್ಕೂ ಸಂಬಂಧವಿಲ್ಲ. ಹಿಂದೆ ಇಂಗ್ಲಿಷಿನಲ್ಲಿ ಕಾಳು, ಹರಳು ಎರಡಕ್ಕೂ ಆ ಮಾತು ಸಲ್ಲುತ್ತಿತ್ತು. ಇಲ್ಲಿ ಅದು ಮಾಂಸ ಕೆಡದಂತೆ ಹಾಕುತ್ತಿದ್ದ ಹರಳುಪ್ಪು. ದನದ ಎದೆಭಾಗದ ಗಟ್ಟಿ ಮಾಂಸವನ್ನು ಉಪ್ಪುನೀರಿನಲ್ಲಿ ಐದಾರು ದಿನ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಮುಳುಗಿಸಿಡುತ್ತಾರೆ. ಜೊತೆಗೆ ಸಾಸಿವೆ, ಕೊತ್ತಂಬರಿ ಬೀಜ, ಕಾಳುಮೆಣಸು, ಲವಂಗ. ಬೆಂದ ಮೇಲೂ ಅದು ಕಂದಾಗದೆ ಗುಲಾಬಿ ಬಣ್ಣದಲ್ಲೇ ಉಳಿಯುವುದಕ್ಕೆ ಕಾರಣ ಹಿಂದೆ ಪೆಟ್ಲುಪ್ಪು, ಈಗ ಸೋಡಿಯಂ ನೈಟ್ರೈಟ್. ಸಣ್ಣ ಉರಿಯಲ್ಲಿ ಮೂರು ಗಂಟೆಯಾದರೂ ಬೇಯಿಸಬೇಕು. ಆಗಷ್ಟೇ ಅದರ ಬಿಗಿ ನಾರು ಸಡಿಲವಾಗುತ್ತದೆ. ಆಲೂಗಡ್ಡೆ ಆಮೇಲೆ, ಕೋಸು ಕೊನೆಯ ಹದಿನೈದಿಪ್ಪತ್ತು ನಿಮಿಷಕ್ಕೆ. ಹೋಳು ಮಾಡುವಾಗ ನಾರಿಗೆ ಅಡ್ಡಲಾಗಿ ಕೊಯ್ಯಬೇಕು, ಇಲ್ಲದಿದ್ದರೆ ಅಷ್ಟು ಹೊತ್ತು ಬೇಯಿಸಿದ್ದೂ ಬಾಯಲ್ಲಿ ದಾರದಂತೆ ಎಳೆಯುತ್ತದೆ.

ಇಷ್ಟಾಗಿ, ಐರ್ಲೆಂಡಿನಲ್ಲಿ ಈ ಹಬ್ಬಕ್ಕೆ ಇದು ಸಂಪ್ರದಾಯದ ಅಡುಗೆಯಲ್ಲ. ಅಲ್ಲಿನ ಹಳ್ಳಿಯವರಿಗೆ ಹಸುವೆಂದರೆ ಹಾಲು, ಬೆಣ್ಣೆ. ಮಾಂಸಕ್ಕೆ ಸಾಕುತ್ತಿದ್ದದ್ದು ಹಂದಿ. ಉಪ್ಪು ಹಾಕಿದ ಹಂದಿ ಮಾಂಸ ಮತ್ತು ಕೋಸು, ಅಂದರೆ ‘ಬೇಕನ್ ಅಂಡ್ ಕ್ಯಾಬೇಜ್’, ಅಲ್ಲಿನ ಮನೆಯೂಟ.

ಉಪ್ಪು ಹಾಕಿದ ದನದ ಮಾಂಸ ಐರ್ಲೆಂಡಿನಲ್ಲಿ ಧಾರಾಳವಾಗಿಯೇ ತಯಾರಾಗುತ್ತಿತ್ತು, ಆದರೆ ಅದನ್ನು ತಯಾರಿಸಿದವರ ತಟ್ಟೆಗೆ ಬರುತ್ತಿರಲಿಲ್ಲ. 1660ರ ದಶಕದಲ್ಲಿ ಇಂಗ್ಲೆಂಡ್ ಐರಿಷ್ ಜಾನುವಾರುಗಳ ಆಮದನ್ನು ಕಾಯ್ದೆ ಮಾಡಿ ತಡೆಯಿತು. ಜೀವಂತ ದನ ಮಾರಲಾಗದ ವ್ಯಾಪಾರಿಗಳು ಮಾಂಸಕ್ಕೆ ಉಪ್ಪು ಹಾಕಿ ಪೀಪಾಯಿಗಳಲ್ಲಿ ತುಂಬತೊಡಗಿದರು. ಕಾರ್ಕ್ ಬಂದರು ಈ ವ್ಯಾಪಾರದಿಂದಲೇ ಬೆಳೆಯಿತು. ಪೀಪಾಯಿಗಳು ಬ್ರಿಟಿಷ್ ನೌಕಾಪಡೆಗೆ, ವೆಸ್ಟ್ ಇಂಡೀಸಿನ ತೋಟಗಳಿಗೆ ಹೋದವು. ಬಡ ಗೇಣಿದಾರರು ಮಾತ್ರ ಆಲೂಗಡ್ಡೆಯನ್ನೇ ನೆಚ್ಚಿಕೊಂಡರು. 1845ರಲ್ಲಿ ಆ ಬೆಳೆಗೆ ಅಂಗಮಾರಿ ರೋಗ ಬಡಿಯಿತು. ಮುಂದಿನ ಏಳು ವರ್ಷಗಳಲ್ಲಿ ಸುಮಾರು ಹತ್ತು ಲಕ್ಷ ಜನ ಹಸಿವು, ಜ್ವರಗಳಿಗೆ ಬಲಿಯಾದರು. ಅಷ್ಟೇ ಜನ, ಬಹುಶಃ ಅದಕ್ಕೂ ಹೆಚ್ಚು, ಹಡಗು ಹತ್ತಿದರು. ಆ ಹೊತ್ತಿನಲ್ಲೂ ಐರ್ಲೆಂಡಿನ ಬಂದರುಗಳಿಂದ ಧಾನ್ಯ, ಬೆಣ್ಣೆ, ಜಾನುವಾರು ಹೊರಹೋಗುತ್ತಲೇ ಇತ್ತು ಎಂಬುದನ್ನು ಓದುವಾಗ ಇಂದಿಗೂ ಹೊಟ್ಟೆ ಉರಿಯುತ್ತದೆ.

ಅಮೆರಿಕಕ್ಕೆ ಬಂದವರ ಕೈಯಲ್ಲಿ ಕೂಲಿಯ ಕಾಸಿತ್ತು, ಮಾಂಸ ಊರಿಗಿಂತ ಅಗ್ಗವಿತ್ತು. ನ್ಯೂಯಾರ್ಕಿನಲ್ಲಿ ಅವರ ನೆರೆಯಲ್ಲಿ ಪೂರ್ವ ಯೂರೋಪಿನಿಂದ ಬಂದ ಯಹೂದಿಗಳಿದ್ದರು. ಯಹೂದಿ ಕಸಾಯಿಗಳು ಹೆಚ್ಚಾಗಿ ಪ್ರಾಣಿಯ ಮುಂಭಾಗವನ್ನೇ ಮಾರುತ್ತಿದ್ದುದರಿಂದ ಎದೆಭಾಗದ ಮಾಂಸ ಅವರಲ್ಲಿ ಸದಾ ಸಿಗುತ್ತಿತ್ತು, ಹಂದಿ ಮಾಂಸ ಇರುತ್ತಲೇ ಇರಲಿಲ್ಲ. ಐರಿಷ್ ಹೆಂಗಸರು ಊರಿನ ಬೇಕನ್ ಬದಲಿಗೆ ಈ ಅಂಗಡಿಗಳ ಕಾರ್ನ್ಡ್ ಬೀಫನ್ನು ಪಾತ್ರೆಗೆ ಹಾಕಿದರು ಎಂಬುದು ಆಹಾರ ಚರಿತ್ರೆಕಾರರಲ್ಲಿ ಹಲವರು ಹೇಳುವ ವಿವರಣೆ. ಕೋಸು, ಆಲೂಗಡ್ಡೆ ಹಾಗೆಯೇ ಉಳಿದವು.

ಐರ್ಲೆಂಡಿನಿಂದ ಬಂದವರು ಕೆಲವರು ಇದನ್ನು ಕಂಡು ‘ಇದು ನಮ್ಮದಲ್ಲ’ ಎಂದು ನಗುವುದುಂಟು. ಆ ನಗು ನನಗೆ ಒಪ್ಪಿಗೆಯಾಗುವುದಿಲ್ಲ. 2020ರ ಅಮೆರಿಕದ ಜನಗಣತಿಯಲ್ಲಿ ಸುಮಾರು 3.86 ಕೋಟಿ ಜನ ತಮ್ಮದು ಐರಿಷ್ ಮೂಲವೆಂದು ಬರೆಸಿದ್ದಾರೆ. ಐರ್ಲೆಂಡ್ ಗಣರಾಜ್ಯದ ಜನಸಂಖ್ಯೆ 2022ರಲ್ಲಿ 51 ಲಕ್ಷದ ಆಸುಪಾಸು. ಇಷ್ಟು ದೊಡ್ಡ ಸಮುದಾಯ ಹಸಿವಿನಿಂದ ಓಡಿಬಂದು, ಊರಿನಲ್ಲಿದ್ದಾಗ ಪರರ ಪಾಲಾಗುತ್ತಿದ್ದ ಮಾಂಸವನ್ನು ಹಬ್ಬದ ದಿನ ತಾನೇ ಕೊಂಡು ಉಂಡಿತು. ಇದಕ್ಕಿಂತ ಐರಿಷ್ ಆದ ಚರಿತ್ರೆ ಯಾವ ಅಡುಗೆಗಿದೆ? ಜೊತೆಗಿಡುವ ಸೋಡಾ ಬ್ರೆಡ್ಡಿನದೂ ಇದೇ ದಾರಿ: ಮೂಲದಲ್ಲಿ ಹಿಟ್ಟು, ಉಪ್ಪು, ಅಡುಗೆ ಸೋಡಾ, ಮಜ್ಜಿಗೆ ಇಷ್ಟೇ, ಅಮೆರಿಕದಲ್ಲಿ ಅದಕ್ಕೆ ಬೆಣ್ಣೆ, ಸಕ್ಕರೆ, ಒಣದ್ರಾಕ್ಷಿ ಸೇರಿದವು.

ಹಬ್ಬ ಬೀಳುವುದು ಈಸ್ಟರ್ ಮುಂಚಿನ ವ್ರತದ ದಿನಗಳಲ್ಲಿ. ಆ ಅವಧಿಯ ಶುಕ್ರವಾರಗಳಂದು ಕ್ಯಾಥೊಲಿಕರು ಮಾಂಸ ಮುಟ್ಟುವಂತಿಲ್ಲ. 2017 ಮತ್ತು 2023ರಲ್ಲಿ ಮಾರ್ಚ್ 17 ಶುಕ್ರವಾರವೇ ಬಂದಾಗ, ಅಮೆರಿಕದ ಅನೇಕ ಬಿಷಪ್ಪರು ಆ ಒಂದು ದಿನದ ಮಟ್ಟಿಗೆ ವ್ರತಕ್ಕೆ ವಿನಾಯಿತಿ ಕೊಟ್ಟರು. ಮಾಂಸ ಉಂಡವರು ಬದಲಿಗೆ ಇನ್ನೊಂದು ದಿನ ಬಿಡಬೇಕು, ಇಲ್ಲವೇ ಬೇರೊಂದು ಪುಣ್ಯಕಾರ್ಯ ಮಾಡಬೇಕು ಎಂದು ಹಲವರು ಸೂಚಿಸಿದರು.