ನೀಡ್ ಬ್ಲೈಂಡ್: ಕಾಲೇಜು ಯಾವುದಕ್ಕೆ ಕಣ್ಣು ಮುಚ್ಚುತ್ತದೆ?

ಪಿಯುಸಿ ಮುಗಿಸಿ ಅಮೆರಿಕದಲ್ಲಿ ಡಿಗ್ರಿ ಓದಬೇಕು ಅಂತ ಹುಡುಕಲು ಕೂತವರಿಗೆ ಮೊದಲ ದಿನವೇ ಎದುರಾಗುವ ಮಾತು 'ನೀಡ್ ಬ್ಲೈಂಡ್'. ಓಹೋ, ಪೂರ್ತಿ ಫ್ರೀ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಅದಲ್ಲ.

ನೀಡ್ ಅಂದರೆ ಇಲ್ಲಿ, ಓದಿಸಲು ಮನೆಯವರಿಗೆ ಕಡಿಮೆ ಬೀಳುವ ದುಡ್ಡು. ಸೀಟು ಕೊಡುವವರು ಆ ವಿಷಯಕ್ಕೆ ಕಣ್ಣು ಮುಚ್ಚಿಕೊಂಡಿರುತ್ತಾರೆ, ಅದಕ್ಕೇ ಬ್ಲೈಂಡ್. ಮಾರ್ಕ್ಸು, ಪ್ರಬಂಧ, ಮೇಷ್ಟ್ರು ಬರೆದ ಪತ್ರ ಎಲ್ಲ ನೋಡುತ್ತಾರೆ. ನೀವು ನೆರವು ಕೇಳಿದ್ದೀರೋ ಇಲ್ಲವೋ ಅನ್ನುವುದು ಲೆಕ್ಕಕ್ಕಿಲ್ಲ. ಅಷ್ಟೇ. ಸೀಟು ಸಿಕ್ಕ ಮೇಲೆ ದುಡ್ಡು ಕೊಡುತ್ತಾರಾ? ಅದಕ್ಕೆ ಬೇರೆ ಮಾತಿದೆ, 'ಫುಲ್ ನೀಡ್'. ಕಡಿಮೆ ಬಿದ್ದಿದ್ದನ್ನೆಲ್ಲ ನಾವು ತುಂಬುತ್ತೇವೆ ಅನ್ನುವ ಭರವಸೆ ಅದು. ವರ್ಷದ ಖರ್ಚು 85 ಸಾವಿರ ಡಾಲರ್ ಆಚೀಚೆ ಇರುವ ಕಡೆ, ಅಂದರೆ 70 ಲಕ್ಷ ರೂಪಾಯಿಗೂ ಮೇಲೆ, ಈ ಎರಡನೇ ಮಾತಿಲ್ಲದ ಸೀಟು ತಗೊಂಡು ಏನು ಮಾಡುವುದು?

ಇನ್ನೊಂದು ಪದ 'ನೀಡ್ ಅವೇರ್'. ಇಲ್ಲಿ ಕಣ್ಣು ತೆರೆದೇ ಇರುತ್ತದೆ. ನೆರವು ಕೇಳಿದ್ದು ತೀರ್ಮಾನದ ಮೇಲೆ ಪರಿಣಾಮ ಮಾಡಬಹುದು.

ತಮಾಷೆ ಅಂದರೆ, ಒಂದೇ ಕಾಲೇಜು ಎರಡೂ ಆಗಿರುತ್ತದೆ. ಸ್ಟ್ಯಾನ್‌ಫರ್ಡ್, ಕೊಲಂಬಿಯಾ, ಪೆನ್ (ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ), ಕಾರ್ನೆಲ್ ಅಮೆರಿಕದ ಮಕ್ಕಳಿಗೆ ನೀಡ್ ಬ್ಲೈಂಡ್, ಹೊರದೇಶದವರಿಗೆ ನೀಡ್ ಅವೇರ್. ಕಾರಣ ಸರಳ. ಅಲ್ಲಿನ ಕೇಂದ್ರ ಸರ್ಕಾರ ಕೊಡುವ ಪೆಲ್ ಗ್ರಾಂಟ್ ಅನ್ನುವ ಸಹಾಯಧನ, ಶಿಕ್ಷಣ ಸಾಲ ಇವು ವಿದೇಶಿ ವಿದ್ಯಾರ್ಥಿಗಳಿಗೆ ಇಲ್ಲ. ಹಾಗಾಗಿ ಬೆಂಗಳೂರಿನ ಹುಡುಗಿಗೆ ಕೊಡುವ ಪ್ರತಿ ಡಾಲರೂ ಕಾಲೇಜಿನ ಸ್ವಂತ ಗಂಟಿನಿಂದಲೇ ಹೋಗಬೇಕು. ಗಂಟು ಎಷ್ಟೇ ದೊಡ್ಡದಿದ್ದರೂ ವಿದೇಶಿಗಳಿಗೆ ಅಂತ ಎತ್ತಿಟ್ಟಿದ್ದು ಇಷ್ಟೇ ಅಂತ ಮಿತಿ ಇರುತ್ತದೆ.

ಹೊರಗಿನವರಿಗೂ ಕಣ್ಣು ಮುಚ್ಚಿ, ಪೂರ್ತಿ ನೆರವೂ ಕೊಡುವವರು ಬೆರಳೆಣಿಕೆಯಷ್ಟು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಹಳಬರು. 2022ರಲ್ಲಿ ಡಾರ್ಟ್‌ಮತ್, ಬೋಡನ್ ಸೇರಿದವು. 2025ರಲ್ಲಿ ಓದಲು ಸೇರಿದ ವಿದ್ಯಾರ್ಥಿಗಳ ತಂಡದಿಂದ ಬ್ರೌನ್ ಕೂಡ. ಹಾಗಂತ ಬಾಗಿಲು ಅಗಲವಾಯಿತು ಅಂತಲ್ಲ. ಎಂಐಟಿ ವರ್ಷಕ್ಕೆ ಸೀಟು ಕೊಡುವ ವಿದೇಶಿಗಳು 150ರ ಆಸುಪಾಸು, ಇಡೀ ಪ್ರಪಂಚದಿಂದ.

ಈಗ ನಿಜವಾದ ತಲೆನೋವಿಗೆ ಬರೋಣ. ನಿಮ್ಮ ಹಾಸಿಗೆ ಎಷ್ಟುದ್ದ ಅಂತ ಅಳೆಯುವವರು ನೀವಲ್ಲ, ಅವರು. ಹೆಚ್ಚಿನ ಕಾಲೇಜುಗಳು 'ಸಿಎಸ್‌ಎಸ್ ಪ್ರೊಫೈಲ್' ಅನ್ನುವ ಉದ್ದನೆಯ ಫಾರಂ ತುಂಬಿಸಿಕೊಳ್ಳುತ್ತವೆ. ಸಂಬಳ, ಉಳಿತಾಯ, ಮನೆ, ಸೈಟು ಎಲ್ಲ ಕೇಳುತ್ತಾರೆ. ವರ್ಷಕ್ಕೆ 4 ಲಕ್ಷ ಹೇಗೋ ಹೊಂದಿಸಬಹುದು ಅಂತ ನೀವು ಅಂದುಕೊಂಡಿರುತ್ತೀರಿ. 12 ಲಕ್ಷ ಕೊಡಬಲ್ಲರು ಅಂತ ಅವರ ಲೆಕ್ಕ ಹೇಳಬಹುದು. 'ಫುಲ್ ನೀಡ್' ಅನ್ನುವುದರಲ್ಲಿ ಈ ಎರಡನೇ ಲೆಕ್ಕವೇ ನಡೆಯುವುದು. ನಮ್ಮ ಕಡೆಯ ಮನೆಗಳು ಆ ಫಾರಂನ ಖಾನೆಗಳಲ್ಲಿ ಸುಲಭಕ್ಕೆ ಕೂರುವುದೂ ಇಲ್ಲ. ಅಡಿಕೆ ತೋಟ ಇನ್ನೂ ತಾತನ ಹೆಸರಿನಲ್ಲೇ ಇರುತ್ತದೆ, ಪಹಣಿಯಲ್ಲೂ ಅವರೇ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ತೋರಿಸಲು ರಿಟರ್ನ್ಸೂ ಇಲ್ಲ. ಇಂಥದ್ದನ್ನು ಮುಚ್ಚಿಡುವುದಕ್ಕಿಂತ ಒಂದು ಪುಟದ ಪತ್ರದಲ್ಲಿ ಬಿಡಿಸಿ ಬರೆಯುವುದು ಒಳ್ಳೆಯದು.

ಮಗನಿಗೆ 98 ಪರ್ಸೆಂಟ್ ಇದೆ, ಸ್ಕಾಲರ್‌ಶಿಪ್ ಸಿಗಲ್ವಾ ಅಂತ ಕೇಳುವವರಿಗೆ: ಐವಿ ಲೀಗ್ ಅಂದರೆ ಹಾರ್ವರ್ಡ್, ಯೇಲ್ ಥರದ ಎಂಟು ಹಳೆಯ ವಿಶ್ವವಿದ್ಯಾಲಯಗಳ ಗುಂಪು, ಆ ಎಂಟೂ ಕಡೆ ಮಾರ್ಕ್ಸಿಗೆ ಅಂತ ದುಡ್ಡು ಕೊಡುವುದಿಲ್ಲ. ನೆರವೆಲ್ಲ ಅಗತ್ಯ ನೋಡಿಯೇ.

ನೀಡ್ ಅವೇರ್ ಅಂದ ಕೂಡಲೇ ಕೆಲವರಿಗೆ ಒಂದು ಉಪಾಯ ಹೊಳೆಯುತ್ತದೆ. ಈಗ ಸುಮ್ನೆ ನೆರವು ಬೇಡ ಅಂತ ಟಿಕ್ ಮಾಡಿ, ಒಳಗೆ ಹೋದ ಮೇಲೆ ಕೇಳೋಣ ಅಂತ. ಕಾಲೇಜುಗಳಿಗೂ ಅದು ಗೊತ್ತು. ಸ್ಟ್ಯಾನ್‌ಫರ್ಡ್‌ನಲ್ಲಿ ಅರ್ಜಿಯ ಹೊತ್ತಿಗೆ ನೆರವು ಕೇಳದ ವಿದೇಶಿ ವಿದ್ಯಾರ್ಥಿಗೆ ಆಮೇಲೆ ನಾಲ್ಕೂ ವರ್ಷ ಅದು ಸಿಗುವುದಿಲ್ಲ. ಅದಕ್ಕೂ ಮೊದಲೇ, ವೀಸಾಕ್ಕೆ ಬೇಕಾದ ಐ-20 ಕಾಗದ ಕೊಡುವ ಮುಂಚೆ, ಮೊದಲ ವರ್ಷದ ದುಡ್ಡು ಎಲ್ಲಿದೆ ತೋರಿಸಿ ಅಂತ ಕಾಲೇಜು ಬ್ಯಾಂಕಿನ ದಾಖಲೆ ಕೇಳುತ್ತದೆ.