ಸ್ಲಿಂಗ್ ಮೆಶ್ ತೆಗೆಯಲು ರೋಬೋ ಯಾವಾಗ ಬೇಕು?

ಕೆಮ್ಮಿದಾಗ, ನಕ್ಕಾಗ, ಭಾರ ಎತ್ತಿದಾಗ ಮೂತ್ರ ಸೋರುವುದೇ ಸ್ಟ್ರೆಸ್ ಇನ್‌ಕಾಂಟಿನೆನ್ಸ್. ಇಲ್ಲಿ ಸ್ಟ್ರೆಸ್ ಅಂದರೆ ಹೊಟ್ಟೆಯೊಳಗಿನ ಒತ್ತಡ, ಮನಸ್ಸಿನದಲ್ಲ. ಇದಕ್ಕೆ 1990ರ ದಶಕದಲ್ಲಿ ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ ಮತ್ತು ಜೊತೆಗಾರರು ಟಿವಿಟಿ (ಟೆನ್ಷನ್-ಫ್ರೀ ವಜೈನಲ್ ಟೇಪ್) ಎಂಬ ಸ್ಲಿಂಗ್ ತಂದರು. ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್ಕಿನ ಬಲೆಯ (ಮೆಶ್) ಒಂದು ಕಿರಿದಾದ ಪಟ್ಟಿ ಮೂತ್ರನಾಳದ ಕೆಳಗೆ ಕೂತು ಆಸರೆ ಕೊಡುತ್ತದೆ. ಹಾಕಲು ಜಾಸ್ತಿ ಹೊತ್ತು ಬೇಡ. ತೆಗೆಯುವುದೇ ಕಷ್ಟ.

ಕಾರಣ ಬಲೆಯ ವಿನ್ಯಾಸದಲ್ಲೇ ಇದೆ. ಕಣ್ಣುಗಳ ಮೂಲಕ ಅಂಗಾಂಶ ಬೆಳೆದು ಪಟ್ಟಿಯನ್ನು ಹಿಡಿದುಕೊಳ್ಳಲಿ ಎಂದೇ ಅದನ್ನು ಹಾಗೆ ನೇಯ್ದಿರುತ್ತಾರೆ. ಬೇಲಿಯ ತಂತಿಯನ್ನು ಮರ ನುಂಗಿಕೊಂಡು ಬೆಳೆದಿರುತ್ತದಲ್ಲ, ಹಾಗೆ. ಸುಮ್ನೆ ಎಳೆದರೆ ಬರುವುದಿಲ್ಲ.

ತೊಂದರೆಗಳು ಹಲವು: ಪಟ್ಟಿ ಯೋನಿಯ ಗೋಡೆಯಲ್ಲಿ ಹೊರಗೆ ಕಾಣಿಸುವುದು, ಮೂತ್ರನಾಳ ಅಥವಾ ಮೂತ್ರಕೋಶದೊಳಗೆ ನುಗ್ಗುವುದು, ಬಿಡದ ನೋವು, ಮತ್ತೆ ಮತ್ತೆ ಸೋಂಕು, ಮೂತ್ರ ಕಟ್ಟುವುದು. ಮೂತ್ರಕೋಶಕ್ಕೆ ನುಗ್ಗಿದ ಬಲೆಯ ಮೇಲೆ ಕಲ್ಲೂ ಕಟ್ಟುತ್ತದೆ. ಸಿಸ್ಟೋಸ್ಕೋಪಿ, ಅಂದರೆ ಮೂತ್ರನಾಳದ ಮೂಲಕ ಕ್ಯಾಮೆರಾ ಹಾಕಿ ಮೂತ್ರಕೋಶದೊಳಗೆ ನೋಡುವ ಪರೀಕ್ಷೆ, ಮಾಡದೆ ಮುಂದೆ ಹೋಗಬಾರದು. ಸಿ.ಟಿ.ಯಲ್ಲಿ ಈ ಪಟ್ಟಿ ಸರಿಯಾಗಿ ಕಾಣುವುದಿಲ್ಲ. ಯೋನಿಯ ತುಟಿಗಳ ಮೇಲೆ ಪ್ರೋಬ್ ಇಟ್ಟು ಮಾಡುವ ಅಲ್ಟ್ರಾಸೌಂಡ್‌ನಲ್ಲಿ ಚೆನ್ನಾಗಿ ಕಾಣುತ್ತದೆ.

ಈಗ ಮುಖ್ಯ ಪ್ರಶ್ನೆ: ಪಟ್ಟಿ ಯಾವ ದಾರಿಯಲ್ಲಿ ಹೋಗಿದೆ? ನಾನು ಮೊದಲು ರೋಬೋ (ಹೊಟ್ಟೆಯ ಸಣ್ಣ ತೂತುಗಳಿಂದ ಉಪಕರಣ ಒಳಗಿಟ್ಟು ಸರ್ಜನ್ ನಡೆಸುವ ಯಂತ್ರ) ಅಂದ ಕೂಡಲೇ ಎಲ್ಲಕ್ಕೂ ಅದೇ ಮದ್ದು ಅಂದುಕೊಂಡಿದ್ದೆ. ಹಾಗಲ್ಲ. ರೆಟ್ರೋಪ್ಯೂಬಿಕ್ ಸ್ಲಿಂಗ್‌ನ ಎರಡು ತೋಳುಗಳು ಪ್ಯೂಬಿಕ್ ಮೂಳೆಯ ಹಿಂದೆ, ಮೂತ್ರಕೋಶದ ಮುಂದಿನ ಸಂದಿನಲ್ಲಿ ಮೇಲಕ್ಕೆ ಏರುತ್ತವೆ. ಆ ಸಂದು ಇಕ್ಕಟ್ಟು, ಸಿರೆಗಳೂ ಜಾಸ್ತಿ. ಯೋನಿಯ ಕಡೆಯಿಂದ ಅಲ್ಲಿಯವರೆಗೆ ಕೈ ಮುಟ್ಟುವುದು ಕಷ್ಟ. ರೋಬೋ ಕೆಲಸಕ್ಕೆ ಬರುವುದು ಇಲ್ಲೇ. ಚಿತ್ರ ಮೂರು ಆಯಾಮದಲ್ಲಿ ದೊಡ್ಡದಾಗಿ ಕಾಣುತ್ತದೆ, ಉಪಕರಣದ ತುದಿ ಮಣಿಕಟ್ಟಿನಂತೆ ತಿರುಗುತ್ತದೆ, ಹೊಲಿಗೆ ಹಾಕುವುದು ಸುಲಭ. ಬಲೆ ಮೂತ್ರಕೋಶಕ್ಕೆ ನುಗ್ಗಿದ್ದರೆ ಗೋಡೆ ಬಿಚ್ಚಿ, ಅದನ್ನು ಕತ್ತರಿಸಿ ತೆಗೆದು, ಮತ್ತೆ ನೀರು ಸೋರದಂತೆ ಹೊಲಿಯುತ್ತಾರೆ. ಮೂತ್ರನಾಳದ ಕೆಳಗಿನ ತುಂಡನ್ನು ಮಾತ್ರ ಸಾಮಾನ್ಯವಾಗಿ ಯೋನಿಯ ಮೂಲಕವೇ ಬಿಡಿಸಬೇಕು.

ಟ್ರಾನ್ಸ್‌ಆಬ್ಟುರೇಟರ್ ಸ್ಲಿಂಗ್ ಬೇರೆ. ಅದರ ತೋಳುಗಳು ಪಕ್ಕಕ್ಕೆ ಹೊರಳಿ ತೊಡೆಸಂದಿನ ಸ್ನಾಯುಗಳನ್ನು ದಾಟುತ್ತವೆ. ಹೊಟ್ಟೆಯೊಳಗಿನ ರೋಬೋ ಅಲ್ಲಿಗೆ ತಲುಪುವುದಿಲ್ಲ, ತೊಡೆಸಂದಿನಲ್ಲೇ ಕೊಯ್ಯಬೇಕು. ಇನ್ನು ಯೋನಿಯಲ್ಲಿ ಚೂರೇ ಹೊರಬಂದಿದ್ದರೆ ರೋಬೋ ಯಾಕೆ? ಆ ಚೂರನ್ನಷ್ಟೇ ಕತ್ತರಿಸಿ ಹೊಲಿದರೆ ಹೆಚ್ಚಿನ ಸಲ ಸಾಕು.

ಒಂದು ಗೊಂದಲ ಬಗೆಹರಿಸಿಕೊಳ್ಳಿ. 2019ರಲ್ಲಿ ಅಮೆರಿಕದ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮಾರಾಟ ನಿಲ್ಲಿಸಿದ್ದು ಅಂಗ ಜಾರುವಿಕೆಗೆ (ಮೂತ್ರಕೋಶ, ಗರ್ಭಕೋಶದಂಥವು ಯೋನಿಯ ಕಡೆಗೆ ಇಳಿಯುವುದು) ಯೋನಿಯ ಮೂಲಕ ಹಾಕುವ ಮೆಶ್, ಸ್ಲಿಂಗ್ ಅಲ್ಲ. ಆದರೆ ಇಂಗ್ಲೆಂಡಿನಲ್ಲಿ 2018ರ ಜುಲೈಯಲ್ಲಿ ಸ್ಲಿಂಗ್‌ಗೂ ತಡೆ ಬಿತ್ತು.

ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸುವ ಮುಂಚೆ ಎರಡು ಮಾತು ಹೇಳಲೇಬೇಕು. ಪೂರ್ತಿ ತೆಗೆದರೂ ನೋವು ಹೋಗೇ ಹೋಗುತ್ತದೆ ಎನ್ನಲಾಗದು. ಆಸರೆ ಹೋದ ಮೇಲೆ ಸೋರಿಕೆ ಮತ್ತೆ ಶುರುವಾಗಬಹುದು. ಆಗ ರೋಗಿಯ ಹೊಟ್ಟೆಯ ಗೋಡೆಯಿಂದಲೇ ತೆಗೆದ ಫೇಶಿಯಾ (ಸ್ನಾಯುವಿನ ಮೇಲಿನ ಗಟ್ಟಿ ಪದರ) ಪಟ್ಟಿಯಿಂದ ಹೊಸ ಸ್ಲಿಂಗ್ ಹಾಕುವ ದಾರಿಯಿದೆ.