ಆಂಡ್ರಾಯ್ಡ್‌ನಲ್ಲಿ ಡೆಪ್ರಿಕೇಟ್ ಆಗಿದ್ದು ಯಾವುದು? ಉತ್ತರ ಒಂದೇ ಕಡೆ ಸಿಗುವುದಿಲ್ಲ

ಆ್ಯಪ್ ತಯಾರಿಸುವ ತಂತ್ರಾಂಶವಾದ ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಕೋಡ್ ಬರೆಯುವಾಗ ಕೆಲವು ಹೆಸರುಗಳ ಮೇಲೆ ಅಡ್ಡಗೆರೆ ಬೀಳುತ್ತದೆ. ಡೆಪ್ರಿಕೇಟ್ ಆಗಿದೆ, ಇನ್ನು ಬಳಸಬೇಡಿ ಅಂತ. ಸರಿ, ಆದರೆ ಯಾವಾಗ ಕೈಕೊಡುತ್ತದೆ? ಅದನ್ನು ಗೆರೆ ಹೇಳುವುದಿಲ್ಲ.

ಈ ಗುರುತು ಜಾವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಕಾಲದಿಂದ ಬಂದದ್ದು. 2008ರಲ್ಲಿ ಆಂಡ್ರಾಯ್ಡ್ ಬಂದ ಮೇಲೂ ಹತ್ತು ವರ್ಷ ಯಾರೂ ಜಾಸ್ತಿ ತಲೆಕೆಡಿಸಿಕೊಳ್ಳಲಿಲ್ಲ. ಗೆರೆ ಬಿದ್ದರೂ ಹಳೆಯದು ಸಾಮಾನ್ಯವಾಗಿ ಓಡುತ್ತಿತ್ತು. ನೆಟ್ ಸಂಪರ್ಕಕ್ಕೆ ಬಳಸುವ ಅಪಾಚೆ ಎಚ್‌ಟಿಟಿಪಿ ಕ್ಲೈಂಟ್‌ನಂಥ ಕೆಲವು ಮಾತ್ರ ಬೇಗ ಹೊರಬಿದ್ದವು: ಆಂಡ್ರಾಯ್ಡ್ 5.1ರಲ್ಲಿ ಗುರುತು, 6.0ರಲ್ಲಿ ಎಸ್‌ಡಿಕೆಯಿಂದಲೇ (ಡೆವಲಪರ್‌ಗಳಿಗೆ ಕೊಡುವ ಪರಿಕರಗಳ ಕಟ್ಟು) ಔಟ್.

ಗೋಜಲು ಹೆಚ್ಚಿದ್ದು 2018ರಲ್ಲಿ. ಆ್ಯಪ್ ಜೊತೆ ಸೇರಿಸಿಕೊಳ್ಳುವ ಗೂಗಲ್‌ನ ಸಿದ್ಧ ಕೋಡ್, ಅಂದರೆ ಸಪೋರ್ಟ್ ಲೈಬ್ರರಿಯ ಜಾಗಕ್ಕೆ ಆಂಡ್ರಾಯ್ಡ್‌ಎಕ್ಸ್ ಬಂತು. ಹೊಸ ಆ್ಯಪ್‌ಗಳ ಟಾರ್ಗೆಟ್ (ಆ್ಯಪ್ ಯಾವ ಆಂಡ್ರಾಯ್ಡ್ ಆವೃತ್ತಿಯ ನಿಯಮಗಳಿಗೆ ಸಿದ್ಧ ಎಂದು ಹೇಳುವ ಸಂಖ್ಯೆ) ಕನಿಷ್ಠ 26 ಇರಲೇಬೇಕು ಎಂದು ಪ್ಲೇ ಸ್ಟೋರ್ ಹೇಳಿತು. ಈಗ ಪ್ಲಾಟ್‌ಫಾರ್ಮ್‌ನದ್ದು, ಅಂದರೆ ಫೋನ್‌ನಲ್ಲಿರುವ ಆಂಡ್ರಾಯ್ಡ್‌ನದ್ದು ಒಂದು ಲೆಕ್ಕ, ಲೈಬ್ರರಿಯದ್ದು ಇನ್ನೊಂದು. ಇನ್ನೊಂದು ಪರದೆ ತೆರೆದು ಅದರಿಂದ ಉತ್ತರ ಪಡೆಯುವ ಸ್ಟಾರ್ಟ್‌ಆಕ್ಟಿವಿಟಿಫಾರ್‌ರಿಸಲ್ಟ್ ನೋಡಿ. ಆಂಡ್ರಾಯ್ಡ್‌ಎಕ್ಸ್‌ನ ಆಕ್ಟಿವಿಟಿ ಲೈಬ್ರರಿಯ 1.2ನೇ ಆವೃತ್ತಿಯಲ್ಲಿ ಅದಕ್ಕೆ ಗೆರೆ ಬಿತ್ತು. ಪ್ಲಾಟ್‌ಫಾರ್ಮ್‌ನ ದಾಖಲೆಯಲ್ಲಿ ಆಕ್ಟಿವಿಟಿ ಪುಟ ತೆರೆದರೆ ಆಗ ಗುರುತೇ ಇರಲಿಲ್ಲ. ಯಾವುದನ್ನು ನಂಬೋದು?

ಗೆರೆಗಳೆಲ್ಲ ಒಂದೇ ತೂಕದವೂ ಅಲ್ಲ. ಹಿನ್ನೆಲೆಯಲ್ಲಿ ಕೆಲಸ ಮಾಡಿಸುವ ಅಸಿಂಕ್‌ಟಾಸ್ಕ್‌ಗೆ 2020ರ ಆಂಡ್ರಾಯ್ಡ್ 11ರಲ್ಲಿ ಗುರುತು ಬಿತ್ತು, ಆದರೂ ಓಡುತ್ತಲೇ ಇದೆ. ಅದಕ್ಕೂ ಒಂದು ವರ್ಷ ಮೊದಲು, ಆಂಡ್ರಾಯ್ಡ್ 10ರಲ್ಲಿ, ವೈಫೈ ಆನ್-ಆಫ್ ಮಾಡುವ ಸೆಟ್‌ವೈಫೈಎನೇಬಲ್ಡ್‌ಗೂ ಇದೇ ಗೆರೆ. ಆದರೆ ಟಾರ್ಗೆಟ್ 29 (ಅಂದರೆ ಆಂಡ್ರಾಯ್ಡ್ 10) ಮಾಡಿದ ಸಾಮಾನ್ಯ ಆ್ಯಪ್‌ಗೆ ಅದು ಸುಮ್ನೆ ಫಾಲ್ಸ್, ಅಂದರೆ ಆಗಲಿಲ್ಲ ಅಂತ ಉತ್ತರಿಸಿ ಕೂತುಬಿಡುತ್ತದೆ. ಎರಡನ್ನೂ ಒಂದೇ ಥರ ತೋರಿಸಿದರೆ ಡೆವಲಪರ್‌ಗೆ ಗೊತ್ತಾಗುವುದಾದರೂ ಹೇಗೆ, ಅಲ್ವಾ?

ಗೆರೆಯೇ ಇಲ್ಲದೆ ನಿಂತುಹೋಗುವವೂ ಇವೆ. ಟಾರ್ಗೆಟ್ 28ಕ್ಕೆ ಏರಿಸಿದಾಗ ಎಷ್ಟೋ ಆ್ಯಪ್‌ಗಳ ಎಚ್‌ಟಿಟಿಪಿ ಕರೆಗಳು ಬಿದ್ದುಹೋದವು. ಎಚ್‌ಟಿಟಿಪಿಎಸ್ (ಗೂಢಲಿಪೀಕರಣದ ರಕ್ಷಣೆ) ಇಲ್ಲದ ಸಂಪರ್ಕಕ್ಕೆ, ಡೆವಲಪರ್ ಬೇರೆ ಹೇಳದಿದ್ದರೆ, ತಾನಾಗಿಯೇ ತಡೆ ಎಂಬುದು ಹೊಸ ನಿಯಮ. ಕೋಡ್‌ನಲ್ಲಿ ಮಾತ್ರ ಒಂದು ಗುರುತೂ ಇಲ್ಲ.

ಹಾಗಾಗಿ ಅನುಭವಸ್ಥರು ಮೊದಲು ಕಂಪೈಲ್ ಎಸ್‌ಡಿಕೆ (ಯಾವ ಆವೃತ್ತಿಯ ಎಸ್‌ಡಿಕೆಯಿಂದ ಆ್ಯಪ್ ಕಟ್ಟಬೇಕು ಎಂಬ ಸಂಖ್ಯೆ) ಏರಿಸಿ, ಬಿಲ್ಡ್ ಮಾಡಿ, ವಾರ್ನಿಂಗ್‌ಗಳನ್ನು ಓದುತ್ತಾರೆ. ಪ್ರತಿ ಆವೃತ್ತಿಯ ಎಪಿಐ (ಆ್ಯಪ್‌ಗಳು ಕರೆಯಬಹುದಾದ ಸೌಲಭ್ಯಗಳ ಪಟ್ಟಿ) ವ್ಯತ್ಯಾಸದ ವರದಿ ನೋಡುತ್ತಾರೆ. ವರ್ತನೆಯ ಬದಲಾವಣೆಗಳ ಪುಟ, ಆಂಡ್ರಾಯ್ಡ್‌ಎಕ್ಸ್‌ನ ರಿಲೀಸ್ ನೋಟ್ಸ್ ಬೇರೆ.

ಇಷ್ಟೆಲ್ಲ ಮಾಡಿದರೂ ಎಡವಟ್ಟು ತಪ್ಪುವುದಿಲ್ಲ. 2022ರ ಆಂಡ್ರಾಯ್ಡ್ 13ರಲ್ಲಿ, ಬೇರೆ ಪರದೆ ಕಳಿಸಿದ ಮಾಹಿತಿಯನ್ನು ತೆಗೆದುಕೊಳ್ಳುವ ಗೆಟ್‌ಪಾರ್ಸೆಲಬಲ್‌ಎಕ್ಸ್‌ಟ್ರಾದ ಹಳೆಯ ರೂಪಕ್ಕೆ ಗೆರೆ ಬಿತ್ತು. ಬದಲಿಗೆ ಕೊಟ್ಟ ಹೊಸ ರೂಪದಲ್ಲೇ ದೋಷವಿತ್ತು. ಅದು ಸರಿಯಾದದ್ದು 14ರಲ್ಲಿ. ವಾರ್ನಿಂಗ್ ಕಂಡ ಕೂಡಲೇ ಬದಲಾಯಿಸಿದವರ ಆ್ಯಪ್ 13ರಲ್ಲಿ ಕ್ರ್ಯಾಶ್ ಆಗುವ ಸಂದರ್ಭವಿತ್ತು, ಸುಮ್ಮನಿದ್ದವರದ್ದು ಓಡುತ್ತಿತ್ತು.